ಹಳದಿ ಸೋಪಿನವನು

ಇಸ್ತ್ರಿಯಾದ ಶರಟಿನೊಳಗೆ ಅವನು ಬೇರೆಯವರ ಮನೆಗೆ ಬಂದ ನೆಂಟನಂತೆ ಕೂತಿದ್ದ. ಬಸ್ಸಿನ ಕಿಟಕಿಗೆ ತಾಗಿದರೆ ತೋಳು ಮುದುಡೀತು, ಸೀಟಿಗೆ ಒರಗಿದರೆ ಬೆನ್ನು ಮುದುಡೀತು. ಹಾಗಾಗಿ ಎಲ್ಲಿಗೂ ತಾಗದೆ, ಮಡಿಸಿದ ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಹ್ಯಾಂಗರಿಗೆ ಹಾಕಿದ ಬಟ್ಟೆಯ ಹಾಗೆ, ಊರಿನ ಅರ್ಧಭಾಗವನ್ನು ದಾಟಿದ್ದ. ಪಕ್ಕದ ಮುದುಕರು ಮಂಡಿ ಸರಿಸಿ ಜಾಗ ಮಾಡಿಕೊಟ್ಟಾಗ ಥ್ಯಾಂಕ್ಸ್ ಅಂದ. ಕಂಡಕ್ಟರ್ ಚಿಲ್ಲರೆ ಕೊಟ್ಟಾಗಲೂ ಅಂದ. ಕಂಡಕ್ಟರ್ ಅವನ ಮುಖ ನೋಡಿ, ಕೊಟ್ಟದ್ದು ಹೆಚ್ಚಾಯಿತೇನೋ ಎಂದು ಚೀಲದೊಳಗೆ ಒಮ್ಮೆ ಇಣುಕಿಕೊಂಡು ಮುಂದೆ ಹೋದ. ಇದು ಇಂಟರ್‌ವ್ಯೂನ ಕೊನೆಯ ಸುತ್ತು. ಮೊದಲೆರಡು ಸುತ್ತು ಫೋನಿನಲ್ಲಿ ಮುಗಿದಿದ್ದವು, ಇವತ್ತು ಎದುರುಬದುರು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಗಳು ಮೇಜಿನ ಆಚೆ ಕೂತು, ಚಮಚವನ್ನು ಪೆನ್ನಿನಂತೆ ಹಿಡಿದು, ನಿಮ್ಮ ದೊಡ್ಡ ದೌರ್ಬಲ್ಯ ಯಾವುದು ಎಂದು ಕೇಳಿದ್ದಳು. ನಾನು ಕೆಲಸದಲ್ಲಿ ಮುಳುಗಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ ಅಂದಿದ್ದ. "ಅಪ್ಪ, ಇದನ್ನ ಎಲ್ಲರೂ ಹೇಳ್ತಾರೆ. ಬೇರೆ ಹೇಳು," ಅಂದಳು. ಬೇರೆ ಇಲ್ಲ ಅಂದ. "ಇದೆ. ಅಮ್ಮನ್ನ ಕೇಳ್ಲಾ?" ಅಡುಗೆಮನೆಯಿಂದ ಹೆಂಡತಿ ತಲೆಯನ್ನೂ ತಿರುಗಿಸದೆ, "ಒಂದೇ ಹೇಳ್ಬೇಕಾ?" ಅಂದಿದ್ದಳು. ತಾಯಿ ಮಗಳು ಸೇರಿ ನಕ್ಕರು. ಆ ನಗು ಈಗಲೂ ಶರಟಿನ ಕಾಲರಿನಲ್ಲಿ ಬೆಚ್ಚಗೆ ಕೂತಿತ್ತು. ವರ್ಷದ ಮೇಲೆ ಕೆಲಸವಿಲ್ಲದೆ ಮನೆಯಲ್ಲಿರುವ ಗಂಡಸನ್ನು ಇನ್ನೂ ಗೇಲಿ ಮಾಡುವ ಮನೆ ಎಲ್ಲರಿಗೂ ಸಿಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಗೇಲಿ ನಿಂತು ಮರ್ಯಾದೆ ಶುರುವಾದ ದಿನ ಮನುಷ್ಯ ಹೆದರಬೇಕು. ಬಾಮೈದನ ಮನೆಯಲ್ಲಿ ಅದು ಆಗಲೇ ಶುರುವಾಗಿತ್ತು.

ಬಾಮೈದ ಒಳ್ಳೆಯವನು. ತೊಂದರೆಯೆಲ್ಲ ಅದರಲ್ಲೇ ಇತ್ತು. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಅವನದು ಟೈಲ್ಸ್ ಅಂಗಡಿ. ಗೋಡೆಯಿಂದ ಗೋಡೆಗೆ ಸ್ನಾನದ ಮನೆಗಳು, ಆದರೆ ಎಲ್ಲೂ ನೀರಿಲ್ಲ. ಹೋದ ತಿಂಗಳು ಕರೆದುಕೊಂಡು ಹೋಗಿ, ಬಾಗಿಲಿಗೆ ಎದುರಾಗಿ ಕುತ್ತಿಗೆಗೆ ದಿಂಬಿರುವ ಕುರ್ಚಿಯೊಂದನ್ನು ತೋರಿಸಿದ್ದ. "ಭಾವ, ನೀವು ಏನೂ ಮಾಡೋದ್ ಬೇಡ. ಗಿರಾಕಿ ಬಂದಾಗ ಗಂಭೀರವಾಗಿ ಕೂತಿದ್ರೆ ಸಾಕು." ಬೇಡ ಅನ್ನಬೇಕೆಂದುಕೊಂಡರೂ ಬಾಯಿ ಥ್ಯಾಂಕ್ಸ್ ಅಂದಿತ್ತು. ಇವತ್ತಿನದು ಸಿಕ್ಕದಿದ್ದರೆ ಒಂದನೇ ತಾರೀಕಿನಿಂದ ಆ ಕುರ್ಚಿ ಎಂದು ಮಾತಾಗಿತ್ತು. ಯಾರು ಯಾರಿಗೆ ಮಾತು ಕೊಟ್ಟರು ಎಂಬುದು ಮಾತ್ರ ಅವನಿಗೆ ನೆನಪಿಗೆ ಬರುತ್ತಿರಲಿಲ್ಲ. ಆ ದಿನ ಮನೆಗೆ ಬಂದು ಹೇಳಿದಾಗ ಹೆಂಡತಿ ಮಡಿಸುತ್ತಿದ್ದ ಟವಲನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದ್ದಳು, ಅಷ್ಟೆ.

ಬಸ್ಸಿಳಿದಾಗ ಇನ್ನೂ ತುಂಬ ಹೊತ್ತಿತ್ತು. ಬೇಗ ಬಂದರೆ ಗತಿಯಿಲ್ಲದವನು ಅನ್ನಿಸೀತು ಎಂದು ಮಗಳು ಎಚ್ಚರಿಸಿದ್ದರಿಂದ, ಆ ಎತ್ತರದ ಕಟ್ಟಡದ ತಳದಲ್ಲೇ ಇದ್ದ ದೊಡ್ಡ ಅಂಗಡಿಯೊಳಗೆ ಹೊಕ್ಕ. ತಂಪು ಗಾಳಿ, ಯಾರೂ ಕೇಳದ ಸಂಗೀತ, ಹೊಳೆಯುವ ನೆಲ. ತಾನು ಎಲ್ಲಿಗೂ ಹೋಗುತ್ತಿಲ್ಲ, ಸುಮ್ಮನೆ ಅಡ್ಡಾಡುತ್ತಿದ್ದೇನೆ ಎಂದುಕೊಂಡೇ ನಡೆದವನು ನಿಂತದ್ದು ಪಾತ್ರೆ ತೊಳೆಯುವ ಸೋಪಿನ ಕಪಾಟಿನ ಮುಂದೆ. ಎಡಗಡೆ ಹಳದಿ, ಬಲಗಡೆ ಹಸಿರು. ಹಳದಿ ಅವನ ಹಳೆಯ ಕಂಪನಿಯದು. ಹಸಿರು, ಇನ್ನೊಂದು ಗಳಿಗೆಯಲ್ಲಿ ಅವನು ಯಾರ ಮುಂದೆ ಕೂರಬೇಕಾಗಿತ್ತೋ ಅವರದು. ಅವನಿಗೆ ತಿಳಿಯುವಷ್ಟರಲ್ಲಿ ಕೈ ಕೆಲಸ ಶುರುಮಾಡಿತ್ತು. ಮಾರ್ಕೆಟಿಂಗಿನವರಿಗೆ ಇದೊಂದು ಚಟ; ಯಾವ ಅಂಗಡಿಗೆ ಹೋಗಲಿ, ತಮ್ಮ ಮಾಲಿನ ಮುಖವನ್ನು ಗಿರಾಕಿಯ ಕಡೆ ತಿರುಗಿಸುತ್ತಾರೆ, ಎದುರಾಳಿಯದನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಊರು ತೋರಿಸಲು ಕರೆದುಕೊಂಡು ಹೋದವನು ಒಂದು ಸಂಜೆಯಿಡೀ ಅಂಗಡಿಯಿಂದ ಅಂಗಡಿಗೆ ಸೋಪು ತಿರುಗಿಸಿದ್ದ. ಅವಳು ಪರ್ಸು ಹಿಡಿದು ಬಾಗಿಲಲ್ಲಿ ಕಾವಲು ನಿಂತಿದ್ದಳು. ಈಗ ಹಳದಿ ಪೊಟ್ಟಣಗಳು ಒಂದೊಂದಾಗಿ ಮುಂದೆ ಬಂದು, ಶಾಲೆಯ ಗುಂಪು ಫೋಟೋದಂತೆ ನೆಟ್ಟಗೆ ನಿಂತವು. ಹಸಿರಿನವು ಹಿಂದಿನ ಕತ್ತಲೆಗೆ ಸರಿದವು. ಆ ಕಂಪನಿ ಅವನನ್ನು ತೆಗೆದುಹಾಕಿದ್ದು ಕಂಪ್ಯೂಟರಿನ ಪರದೆಯ ಮೇಲೆ. ಅತ್ತಲಿಂದ ಒಬ್ಬಾಕೆಯ ತುಟಿ ಆಡುತ್ತಿತ್ತು, ಶಬ್ದ ಇರಲಿಲ್ಲ. ಕೇಳಿಸ್ತಿಲ್ಲ ಮೇಡಂ ಅಂದ. ಪಾಪ, ಆಕೆ ಮೊದಲಿನಿಂದ ಮತ್ತೆ ಹೇಳಬೇಕಾಯಿತು. ಎರಡನೇ ಸಲ ಸ್ಪಷ್ಟವಾಗಿ ಕೇಳಿಸಿತು. ಆಗಲೂ ಥ್ಯಾಂಕ್ಸ್ ಅಂದಿದ್ದ.

"ನೀವು ಇಲ್ಲಿ ಕೆಲ್ಸ ಮಾಡ್ತೀರಾ?"

ಪಕ್ಕದಲ್ಲಿ ಒಬ್ಬ ಹೆಂಗಸು, ಬುಟ್ಟಿ ಹಿಡಿದು ನಿಂತಿದ್ದಳು. ಐವತ್ತು ದಾಟಿದ ವಯಸ್ಸು, ಬಣ್ಣ ಹಚ್ಚದ ಕೂದಲು, ಬುಟ್ಟಿಯಲ್ಲಿ ಒಂದೇ ಒಂದು ಬಾಳೆಹಣ್ಣು. ಅವನು ಹೌದು ಅಂದ. ಯಾಕೆ ಅಂದನೋ, ಆ ಪ್ರಶ್ನೆಗೆ ಹೌದು ಅನ್ನುವ ಅವಕಾಶ ವರ್ಷದಿಂದ ಬಂದಿರಲಿಲ್ಲ. ಹಾಗಿದ್ದರೆ ಇವೆರಡರಲ್ಲಿ ಯಾವುದು ಒಳ್ಳೆಯದು ಹೇಳಿ ಎಂದು ಆಕೆ ಕೇಳಿದಳು, ಕೇಳಿದ ರೀತಿಯಲ್ಲಿ ಉತ್ತರದ ಬಗ್ಗೆ ನಿಜವಾದ ಕುತೂಹಲ ಇತ್ತು. ಹದಿನೆಂಟು ವರ್ಷ ಪಾತ್ರೆ ಸೋಪು ಮಾರಿದವನಿಗೆ ಇಷ್ಟು ಸರಳವಾಗಿ ಯಾರೂ ಇದನ್ನು ಕೇಳಿರಲಿಲ್ಲ.

"ಹಳದಿ ಪಾತ್ರೆಗೆ ಒಳ್ಳೇದು ಮೇಡಂ, ಕೈಗಲ್ಲ," ಅಂದ. "ಎರಡು ವಾರ ತೊಳೀರಿ, ಬೆರಳ ಸಂದು ಬಿರಿಯುತ್ತೆ. ಹಸಿರು ಕೈಗೆ ಒಳ್ಳೇದು, ಆದ್ರೆ ನೀರು ಕಂಡ್ರೆ ಸಾಕು, ಸಂಜೆ ಹೊತ್ತಿಗೆ ಬರೀ ಲೋಳೆ. ತಗೊಳ್ಳೋದಾದ್ರೆ ಹಸಿರೇ ತಗೊಳ್ಳಿ. ಮನೇಗೆ ಹೋಗಿ ಎರಡು ತುಂಡು ಮಾಡಿ, ಒಂದನ್ನ ಒಣಗಿದ ಕಡೆ ಇಟ್ಟುಬಿಡಿ."

"ತುಂಡು ಮಾಡೋದು ಯಾರ ಉಪಾಯ?"

"ನನ್ನ ಹೆಂಡತೀದು. ನನಗೇ ಹೇಳಿರ್ಲಿಲ್ಲ, ಕದ್ದು ಮಾಡ್ತಿದ್ಲು."

ಆಕೆ ನಕ್ಕು, ಹಳದಿ ಒಂದು ಹಸಿರು ಒಂದು ಬುಟ್ಟಿಗೆ ಹಾಕಿಕೊಂಡು ಹೋದಳು. ಅವನಿಗೆ ಹಗುರವಾಯಿತು. ಕದ್ದು ಮಾಡುತ್ತಿದ್ದದ್ದು ನಿಜ. ಮನೆಗೆ ಹಳದಿ ಸೋಪು ಕಂಪನಿಯಿಂದ ಪೆಟ್ಟಿಗೆಗಟ್ಟಲೆ ಬರುತ್ತಿತ್ತು. ಕೈ ಉರಿಯುತ್ತೆ ರೀ ಎಂದು ಅವಳು ಒಮ್ಮೆ ಅಂದಾಗ, ಪ್ರಯೋಗಾಲಯದಲ್ಲಿ ಎಲ್ಲ ಪರೀಕ್ಷೆ ಆಗಿರುತ್ತೆ, ಗ್ಲೌಸ್ ಹಾಕ್ಕೋ ಅಂದಿದ್ದ. ಅಂದು ಫೋನಿಗೆ ಮರಳಿದ್ದ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಕೆಲಸ ಹೋಗಿ, ಅವಳು ಕಣ್ಣಿನ ಆಸ್ಪತ್ರೆಯ ಕೆಲಸಕ್ಕೆ ಹೊರಟ ಮೇಲೆ ಇವನು ಮೊದಲ ಸಲ ಸಿಂಕಿನ ಮುಂದೆ ನಿಂತು, ಮೇಲಿನ ಗೂಡಿನಿಂದ ಹಳದಿ ಪೆಟ್ಟಿಗೆ ಇಳಿಸಿ ಬಿಚ್ಚಿದರೆ ಒಳಗೆ ಹಸಿರು ತುಂಡುಗಳು, ನೀಟಾಗಿ ಅರ್ಧರ್ಧ ಕೊಯ್ದು, ಒಂದರ ಮೇಲೊಂದು ಜೋಡಿಸಿ. ಎಷ್ಟು ವರ್ಷದಿಂದಲೋ. ಸಂಬಳ ಕೊಡುವವರ ಮೇಲಿನ ಅವನ ಅಭಿಮಾನಕ್ಕೆ ನೋವಾಗದಿರಲೆಂದು ಅವಳು ಎದುರಾಳಿಯ ಸೋಪಿಗೆ ಅವನ ಕಂಪನಿಯ ಅಂಗಿ ತೊಡಿಸಿಟ್ಟಿದ್ದಳು. ಸಿಂಕಿನ ಮುಂದೆ ನಿಂತು ಅವನು ಬಹಳ ಹೊತ್ತು ನಲ್ಲಿ ಬಿಟ್ಟೇ ಇದ್ದ.

ಮೇಲಿನ ಅಂತಸ್ತಿನ ಕಾಯುವ ಕೋಣೆಯಲ್ಲಿ ಗೋಡೆಯ ತುಂಬ ಜಾಹೀರಾತುಗಳು, ನೊರೆ ಮೆತ್ತಿದ ಬಳೆ ತೊಟ್ಟ ಕೈಗಳು. ಸೋಫಾದ ತುದಿಯಲ್ಲಿ ನೀಲಿ ಕೋಟಿನವಳೊಬ್ಬಳು, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಕೂತಿದ್ದವಳು ಇವನನ್ನು ಕಂಡು ಧಡಕ್ಕನೆ ಎದ್ದು ನಿಂತು, "ಸರ್, ನೀವೇನಾ ಇಂಟರ್‌ವ್ಯೂ ತಗೊಳ್ಳೋರು?" ಅಂದಳು. ತಕ್ಷಣ ಅಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಆ ಗೌರವ ಶರಟಿನ ಮೇಲೆ ಬಿದ್ದ ಎಳೆಬಿಸಿಲಿನಂತಿತ್ತು, ಒಂದು ಕ್ಷಣ ಕಾಯಿಸಿಕೊಂಡ. ಆಮೇಲೆ, ಇಲ್ಲಮ್ಮ ನಾನೂ ನಿನ್ನ ಹಾಗೇ ಅಂದಾಗ ಅವಳ ಮುಖದಲ್ಲಿ ಮೊದಲು ಸಮಾಧಾನ, ಅದರ ಹಿಂದೆಯೇ ಕನಿಕರ ಬಂದು ಹೋದವು. ಕನಿಕರವನ್ನು ಅಡಗಿಸಲು ಅವಳು ತನ್ನ ನೀರಿನ ಬಾಟಲಿ ಮುಂದೆ ಚಾಚಿದಳು. ಅವನು ಕುಡಿದು ಥ್ಯಾಂಕ್ಸ್ ಅಂದ. ಅಷ್ಟರಲ್ಲಿ ಅವಳನ್ನು ಕರೆದರು. ಗಾಜಿನ ಬಾಗಿಲಿನಾಚೆ ಮಾತು ತಿಳಿಯದಿದ್ದರೂ ದನಿ ಏರುವುದು ತಿಳಿಯುತ್ತಿತ್ತು. ಒಮ್ಮೆ ಇವಳದು, ಒಮ್ಮೆ ಇನ್ನಾರದೋ, ಮತ್ತೆ ಇವಳದು. ಹೊರಗೆ ಬಂದಾಗ ಕಿವಿಯೆಲ್ಲ ಕೆಂಪಾಗಿತ್ತು. "ಹೋಯ್ತು ಸರ್. ಮಧ್ಯದಲ್ಲಿ ಕೂತಿರೋ ಮೇಡಂ ಜೊತೆ ಜಗಳಾನೇ ಆಗೋಯ್ತು. ನಿಮ್ಮ ಜಾಹೀರಾತಲ್ಲಿ ಯಾಕೆ ಒಂದೂ ಗಂಡಸಿನ ಕೈ ಇಲ್ಲ ಅಂದ್ಬಿಟ್ಟೆ. ನೀವಾದ್ರೂ ಹುಷಾರಾಗಿರಿ." ಅವಳು ಲಿಫ್ಟಿನ ಕಡೆ ನಡೆದಳು. ಇಷ್ಟು ಹೇಳಿ ಹೋದದ್ದಕ್ಕೆ ಅವನ ಮನಸ್ಸು ತುಂಬಿ ಬಂತು. ಪೈಪೋಟಿಯಲ್ಲಿರುವವಳು, ಹೇಳಬೇಕಾದ್ದೇನೂ ಇರಲಿಲ್ಲ. ತೋಳಿನ ಮೇಲಿದ್ದ ಕೋಟನ್ನು ತೊಟ್ಟುಕೊಳ್ಳುತ್ತ, ಜಗಳ ಆಡಬಾರದು ಎಂದು ನಿರ್ಧರಿಸಿಕೊಂಡ. ನಿರ್ಧರಿಸುವುದಕ್ಕೆ ಅವನು ಹೆಚ್ಚು ಕಷ್ಟಪಡಬೇಕಾಗಲಿಲ್ಲ.

ಮೂವರಿದ್ದರು. ಎಡಕ್ಕೆ ಎಚ್‌ಆರ್ ಹುಡುಗ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತ. ಬಲಕ್ಕೆ ಹಣಕಾಸಿನವನು, ಮೇಜಿನ ಕೆಳಗೆ ಫೋನು ನೋಡುತ್ತ. ಮಧ್ಯದಲ್ಲಿ, ಬಾಳೆಹಣ್ಣಿನ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟುಕೊಂಡು, ಬುಟ್ಟಿಯ ಹೆಂಗಸು. ಅವಳೆದುರು ಎರಡು ಸೋಪು, ಒಂದು ಹಳದಿ, ಒಂದು ಹಸಿರು. ಅವನು ಕುರ್ಚಿಯ ತೋಳು ಹಿಡಿದುಕೊಂಡ. ಆಕೆ ಪರಿಚಯದ ನಗೆ ನಗಲಿಲ್ಲ. ಇವನೂ ನಗಲಿಲ್ಲ, ನಕ್ಕರೆ ಅಂಗಡಿಯಲ್ಲಿ ಆಡಿದ ಸುಳ್ಳನ್ನು ಒಪ್ಪಿಕೊಂಡಂತೆ. ಬಹುಶಃ ಗುರುತು ಸಿಕ್ಕಿಲ್ಲ, ಕೋಟು ಹಾಕಿಕೊಂಡಿದ್ದೇನೆ ಎಂದುಕೊಂಡ. ಕೂರಿ ಅಂದದ್ದಕ್ಕೆ ಥ್ಯಾಂಕ್ಸ್ ಅಂದ, ನೀರು ಬೇಕಾ ಅಂದದ್ದಕ್ಕೆ ಅಂದ, ಬೇಡ ಅಂದ ಮೇಲೆ ಇನ್ನೊಮ್ಮೆ ಅಂದ. ಎಚ್‌ಆರ್ ಹುಡುಗ ಮಗಳು ಕೇಳಿದ್ದನ್ನೇ ಕೇಳಿದ. ನಡುವೆ ಒಂದು ವರ್ಷ ಏನು ಮಾಡಿದಿರಿ ಅಂದಾಗ, ಸ್ವತಂತ್ರವಾಗಿ ಕೆಲವರಿಗೆ ಸಲಹೆ ಕೊಡುತ್ತಿದ್ದೆ ಅಂದ. ಸಲಹೆ ಕೇಳಿದವರು ಇಬ್ಬರು, ಮಗಳು ಮತ್ತು ಕೆಳಮನೆಯ ಟೈಲರ್. ಎಲ್ಲ ಸಲೀಸಾಗಿ ಸಾಗುತ್ತಿತ್ತು. ಆಗ ಆಕೆ ಹಸಿರು ಸೋಪನ್ನು ಒಂದೇ ಬೆರಳಿನಿಂದ ಇವನ ಕಡೆ ಮೆಲ್ಲಗೆ ನೂಕಿದಳು.

"ಇದರ ಬಗ್ಗೆ ಹೇಳಿ. ನಿಮಗೆ ನಿಜವಾಗಿ ಏನನ್ಸುತ್ತೆ?"

ಗುರುತು ಸಿಕ್ಕಿದೆ. ಆ ನೂಕಿದ ಬೆರಳೇ ಅದನ್ನು ಹೇಳುತ್ತಿತ್ತು. ಬಾಗಿಲು ತೆರೆದು ನಿಂತು, ಬಾ ಎಂದು ಕರೆಯುವವರ ಕಣ್ಣು ಅವಳದು. ಅವನ ನಾಲಗೆಯ ಮೇಲೆ ಬೆಳಗಿನ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು, ಲೋಳೆ, ಬೆರಳ ಸಂದು, ಎರಡು ತುಂಡು. ಆದರೆ ಕೆಂಪು ಕಿವಿಯ ಹುಡುಗಿ ಕಣ್ಣೆದುರು ಬಂದಳು, ಕುತ್ತಿಗೆದಿಂಬಿನ ಕುರ್ಚಿ ಬಂತು, ಇಷ್ಟು ದೂರ ಕರೆಸಿ ಕೂರಿಸಿ ನೀರು ಬೇಕಾ ಎಂದು ಕೇಳಿದವರ ಸೋಪನ್ನು ಅವರ ಮೇಜಿನ ಮೇಲೇ ಹೇಗೆ ಬೈಯುವುದು ಎಂಬ ಸಂಕೋಚ ಬಂತು. ಅದ್ಭುತವಾದ ಮಾಲು ಮೇಡಂ, ನಾವು ಆ ಕಡೆ ಇದ್ದಾಗ ಇದನ್ನು ಕಂಡು ಹೆದರುತ್ತಿದ್ದೆವು ಅಂದ. ಪರಿಮಳ ಅಂದ. ಹಸಿರು ಎಂದರೆ ನಂಬಿಕೆ ಅಂದ.

"ಕರಗೋದಿಲ್ವಾ?"

"ಕರಗುತ್ತೆ ಮೇಡಂ. ಅದೇ ಅದರ ಗುಣ. ಕರಗೋದ್ರಿಂದಲೇ ಕೈಗೆ ಮೃದು."

ಹಣಕಾಸಿನವನು ಮೊದಲ ಸಲ ತಲೆಯೆತ್ತಿ ಮೆಚ್ಚಿ ನೋಡಿದ. ಎಚ್‌ಆರ್ ಹುಡುಗ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದ. ಆಕೆ ಮಾತ್ರ ಸೋಪನ್ನು ಹಿಂದಕ್ಕೆಳೆದು, ಹಳದಿಯ ಪಕ್ಕಕ್ಕೆ, ಎರಡೂ ಒಂದೇ ನೇರಕ್ಕೆ ಬರುವಂತೆ ಇಟ್ಟಳು. ಒಂದು ಲೋಪವನ್ನು ಗುಣವೆಂದು ಹೇಳಿ ದಾಟಿಸುವುದು ಅವನ ಕಸುಬು, ಇಷ್ಟು ಚೆನ್ನಾಗಿ ಹಿಂದೆಂದೂ ದಾಟಿಸಿರಲಿಲ್ಲ. ಆದರೂ ಕದ್ದು ಸೋಪು ಕೊಯ್ಯುತ್ತಿದ್ದ ಹೆಂಡತಿಯ ಕೈಗಳು ಆ ಮೇಜಿನ ಮೇಲೆ ಎಲ್ಲೋ ಇರುವಂತೆ, ತಾನೇ ಅವುಗಳ ಮೇಲೆ ಕಾಗದ ಹೊದಿಸಿದಂತೆ ಅನ್ನಿಸಿತು. ಮೂವರಿಗೂ ಬೇರೆಬೇರೆಯಾಗಿ ಥ್ಯಾಂಕ್ಸ್ ಹೇಳಿ ಎದ್ದ.

ಲಿಫ್ಟಿನವರೆಗೆ ಆಕೆಯೇ ಬಂದಳು. ಇಬ್ಬರೂ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತರು.

"ನಾನು ಪ್ರತಿ ದಿನ ಬೆಳಿಗ್ಗೆ ಕೆಳಗಿನ ಅಂಗಡಿಗೆ ಹೋಗಿ ನಮ್ಮ ಸೋಪು ಮುಂದಕ್ಕೆ ಇಟ್ಟು ಬರ್ತೀನಿ," ಅಂದಳು. "ಇವತ್ತು ನೀವು ಹಿಂದಕ್ಕೆ ತಳ್ಳಿದ್ದನ್ನೆಲ್ಲ ಮತ್ತೆ ಎಳೀಬೇಕಾಯ್ತು. ಅದಕ್ಕೆ ಬೇಜಾರಿಲ್ಲ, ನಮ್ಮವರ ಕೈ ಹಾಗೇ. ನೇರವಾಗಿ ಹೇಳ್ಬಿಡ್ತೀನಿ, ಕಾಯಿಸೋದು ಬೇಡ. ನಿಮ್ಮನ್ನ ತಗೊಳ್ತಿಲ್ಲ."

ಅವನು ತಲೆಯಾಡಿಸಿದ.

"ಬೆಳಿಗ್ಗೆ ಅಂಗಡೀಲಿ ಒಬ್ಬರು ಸಿಕ್ಕಿದ್ರಲ್ಲ, ಅವರು ಬಂದಿದ್ರೆ ತಗೊಳ್ತಿದ್ದೆ. ನಾನು ಕಾಯ್ತಾನೇ ಇದ್ದೆ. ಅವರು ಬರ್ಲಿಲ್ಲ, ಥ್ಯಾಂಕ್ಸ್ ಹೇಳೋರೊಬ್ರು ಬಂದ್ರು. ಹೂಂ ಅನ್ನೋರು ನನಗೆ ಒಳಗೆ ಬೇಕಾದಷ್ಟಿದಾರೆ. ಜಗಳ ಆಡೋರು ಬೇಕು."

ಲಿಫ್ಟು ಬಂತು. ಅವನ ಬಾಯಿ ತೆರೆದು, ಏನು ಹೇಳಲು ಹೊರಟಿದ್ದೇನೆಂದು ಗೊತ್ತಾಗಿ, ಮುಚ್ಚಿಕೊಂಡಿತು. ಆಕೆಗೆ ಕಂಡಿತು. "ಅನ್ನಿ, ಅನ್ನಿ. ಇದಕ್ಕೆ ಅನ್ಬಹುದು," ಅಂದಳು, ಗಂಭೀರವಾಗಿಯೇ. ಬಾಗಿಲು ಮುಚ್ಚಿತು.

ಕೆಳಗಿಳಿಯುವಾಗ ದುಃಖಕ್ಕಾಗಿ ಕಾದ. ಅದು ಬಂತು, ಆದರೆ ಒಂಟಿಯಾಗಿ ಬರಲಿಲ್ಲ. ವರ್ಷದಿಂದ ಎಷ್ಟೋ ಬಾಗಿಲು ನೋಡಿದ್ದ. ಕೆಲವರು ಉತ್ತರವನ್ನೇ ಕೊಟ್ಟಿರಲಿಲ್ಲ. ಕೆಲವರು, ನಿಮ್ಮ ವಿವರ ನಮ್ಮಲ್ಲಿ ಭದ್ರವಾಗಿರುತ್ತದೆ ಎಂದು ತಿಳಿಸಿದ್ದರು, ಲಾಕರಿನಲ್ಲಿಟ್ಟ ಹಾಗೆ. ಒಬ್ಬಾತ ಮಾತಿನ ಮಧ್ಯೆ ಊಟ ತರಿಸಿಕೊಂಡು ತಿಂದಿದ್ದ. ಇಲ್ಲ ಎಂಬ ಒಂದು ಮಾತನ್ನು ಕೈಯಲ್ಲಿಟ್ಟು, ಯಾಕೆ ಎಂಬುದನ್ನೂ ಜೊತೆಗಿಟ್ಟು, ಬಾಗಿಲವರೆಗೆ ಬಂದು ಕೊಟ್ಟವಳು ಇವಳೊಬ್ಬಳೇ. ಇನ್ನೂ ಒಂದು ಇತ್ತು. ಬೆಳಗಿನ ಆ ಮನುಷ್ಯನನ್ನು ಒಬ್ಬರು ಮೆಚ್ಚಿದ್ದರು. ಅಂಥವನೊಬ್ಬ ತನ್ನೊಳಗಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. ಅವನಾಡಿದ ಮಾತೆಲ್ಲ ಸಿಂಕಿನ ಮುಂದೆ ಕಲಿತದ್ದು, ಸಿಂಕಿಗೆ ಅವನನ್ನು ಕಳಿಸಿದ್ದು ಕೆಲಸ ಹೋದದ್ದು, ಸಿಂಕಿನ ಮುಂದೆ ಅವನಿಗಿಂತ ಮೊದಲು ಹದಿನೆಂಟು ವರ್ಷ ನಿಂತವಳು ಈ ಹೊತ್ತಿನಲ್ಲಿ ಎರಡು ಬೀದಿ ಆಚೆ ಯಾರದೋ ಕಣ್ಣಿಗೆ ಔಷಧಿ ಬಿಡುತ್ತಿದ್ದಾಳೆ. ಫೋನಿನಲ್ಲಿ ಮಗಳ ಸಂದೇಶ ಮಿನುಗಿತು. ತೆರೆಯಲಿಲ್ಲ. ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು, ಮುದುಡಿದರೆ ಮುದುಡಲಿ ಎಂದು, ನಡೆದೇ ಹೋದ.

ಕಣ್ಣಿನ ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ಜನ ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದರು. ಔಷಧಿ ಬಿಟ್ಟ ಮೇಲೆ ಪಾಪೆ ಹಿಗ್ಗುವವರೆಗೆ ಹಾಗೇ ಕೂರಬೇಕು. ಯಾರೂ ಅವನನ್ನು ನೋಡಲಿಲ್ಲ. ಬೆಳಗಿನಿಂದ ನೋಡಿಸಿಕೊಂಡು ಸುಸ್ತಾಗಿದ್ದವನಿಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಒಬ್ಬ ಅಜ್ಜಿಯ ಪಕ್ಕ ಕೂತು ತಾನೂ ಕಣ್ಣು ಮುಚ್ಚಿದ. ಹೆಂಡತಿಯ ಚಪ್ಪಲಿಯ ಸದ್ದು ಸಾಲಿನುದ್ದಕ್ಕೂ ನಿಂತು ನಿಂತು ಬಂತು, ಮೇಲೆ ನೋಡಿ, ಹಾಂ, ಮುಚ್ಕೊಳ್ಳಿ, ಮೇಲೆ ನೋಡಿ. ಅವನ ಮುಂದೆ ಬಂದು ನಿಂತಿತು.

"ನಿಮ್ಮ ಕಣ್ಣಿಗೇನಾಯ್ತು?"

ತೆರೆದ. ಕೆಲಸ ಆಗಲಿಲ್ಲ ಅಂದ. ಅವಳು ಔಷಧಿಯ ಬಾಟಲಿಗೆ ಮುಚ್ಚಳ ತಿರುಗಿಸುತ್ತ ನಿಂತು ಕೇಳಿಸಿಕೊಂಡಳು. ಅವನು ಎಲ್ಲವನ್ನೂ ಹೇಳಿದ, ಕಪಾಟು, ಬುಟ್ಟಿ, ನೂಕಿದ ಬೆರಳು, ಕೈಗೆ ಮೃದು ಅಂದದ್ದನ್ನೂ. ಅದನ್ನು ಹೇಳುವಾಗ ಅವಳ ಕೈಗಳನ್ನು ನೋಡಲಾಗಲಿಲ್ಲ. ಅವಳು ಕೇಳಿದ್ದು ಒಂದೇ.

"ತುಂಡು ಮಾಡೋದನ್ನ ಹೇಳ್ಬಿಟ್ರಾ ಅವ್ರಿಗೆ? ಪುಕ್ಸಟ್ಟೆ?"

"ಹೇಳ್ಬಿಟ್ಟೆ."

"ಹಂಗಾದ್ರೆ ನನ್ನನ್ನೇ ಕರೀಬಹುದಿತ್ತು." ನಗು ತುಟಿಯವರೆಗೆ ಬಂದು ನಿಂತಿತು. ಮುಚ್ಚಳವನ್ನು ಮತ್ತೆ ಬಿಚ್ಚಿ ಮತ್ತೆ ತಿರುಗಿಸಿದಳು. "ಸರಿ. ಒಂದನೇ ತಾರೀಕಿಂದ ನನ್ ತಮ್ಮನ ಅಂಗಡಿ, ಅಲ್ವಾ?"

ಹೂಂ ಎಂಬುದು ಗಂಟಲಲ್ಲಿ ಸಿದ್ಧವಾಗಿತ್ತು, ಅಷ್ಟು ವರ್ಷದ ಅಭ್ಯಾಸ.

"ಇಲ್ಲ," ಅಂದ. "ನಾನು ಹೋಗಲ್ಲ. ಆ ಕುರ್ಚೀಲಿ ಕೂರೋಕೆ ನನ್ ಕೈಲಾಗಲ್ಲ. ನಿನ್ ತಮ್ಮ ಒಳ್ಳೇವನು, ಅದಕ್ಕೇ ಆಗಲ್ಲ. ಇನ್ನೊಂದಷ್ಟು ದಿನ ನಿನ್ ಸಂಬಳದಲ್ಲೇ ಇರ್ತೀನಿ, ಹುಡುಕ್ತೀನಿ. ನಿಂಗೆ ಕಷ್ಟ ಅನ್ಸಿದ್ರೆ ಈಗ್ಲೇ ಜಗಳ ಆಡು, ಇಲ್ಲೇ ಆಡು."

ದನಿ ಸ್ವಲ್ಪ ಏರಿತ್ತು. ಸಾಲಿನಲ್ಲಿ ಯಾರೋ ಕೆಮ್ಮಿದರು. ಪಕ್ಕದ ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಮಾತಾಡ್ಕೊಳ್ಳಿ ತಾಯಿ, ನಮಗೇನೂ ಕಾಣ್ಸಲ್ಲ," ಅಂದಳು.

ಹೆಂಡತಿ ನಗಲಿಲ್ಲ. ಬೆಂಚಿನ ಅಂಚಿನಲ್ಲಿ, ಅವನಿಗೂ ಅಜ್ಜಿಗೂ ನಡುವೆ ಇದ್ದ ಅಷ್ಟಿಷ್ಟು ಜಾಗದಲ್ಲಿ ಕೂತುಬಿಟ್ಟಳು, ಕೆಲಸದ ಹೊತ್ತಿನಲ್ಲಿ ಕೂರುವ ಹಾಗಿರಲಿಲ್ಲ. ಅವಳ ಭುಜ ಇಳಿಯಿತು. ಎಷ್ಟು ಮೇಲೆ ಎತ್ತಿ ಹಿಡಿದಿದ್ದಳೆಂಬುದು ಇಳಿದಾಗ ತಿಳಿಯಿತು.

"ಸದ್ಯ," ಅಂದಳು.

ಅವನು ತಿರುಗಿ ನೋಡಿದ.

"ನೀವು ಹೂಂ ಅಂದ್ಬಿಟ್ಟಿದ್ರೆ, ಅವನ ಮನೇಗೆ ಹೋದಾಗೆಲ್ಲ ನಾನು ತಲೆ ಬಗ್ಗಿಸಿ ಉಣ್ಬೇಕಾಗ್ತಿತ್ತು. ನನ್ ತವರು ಅದೊಂದೇ ಇರೋದು."

ಮೊದಲೇ ಹೇಳಬಾರದಿತ್ತೇ ಎಂದು ಕೇಳಿದ. ಹೇಳಿದ್ದರೆ ನನಗೋಸ್ಕರ ಬೇಡ ಅಂತಿದ್ರಿ, ನಿಮಗೇ ಬೇಡ ಅನ್ನಿಸಬೇಕಿತ್ತು ಅಂದಳು. ಒಳಗಿನಿಂದ ಡಾಕ್ಟರು ಕರೆದರು. ಅವಳು ಏಳುವ ಮೊದಲು ಅವನ ತೋಳಿನ ಮೇಲಿದ್ದ ಕೋಟನ್ನು ತೆಗೆದುಕೊಂಡು, ಮಡಿಸಿ, ಅವನ ತೊಡೆಯ ಮೇಲಿಟ್ಟಳು. ಅಜ್ಜಿಯ ಕೈ ಹಿಡಿದು ಎಬ್ಬಿಸಿ, ಹುಷಾರು, ಇಲ್ಲೊಂದು ಮೆಟ್ಟಿಲಿದೆ ಎನ್ನುತ್ತ ನಡೆಸಿಕೊಂಡು ಹೋದಳು.